ಹೊಲದೊಳಗಿನ ನಿಧಿ

ಐಹೊಳೆಯ ಸುತ್ತಮುತ್ತಲಿನ ಹೊಲಗಳಲ್ಲಿ ರಂಟೆ ಹೊಡೆಯುವಾಗ ಕೆತ್ತನೆಯ ಕಲ್ಲೊಂದು ಮೇಲಕ್ಕೆ ಬರುವದು ಹೊಸ ಮಾತಲ್ಲ. ಒಕ್ಕಲಿಗನು ಅದನ್ನು ಬದುವಿನ ಮೇಲಿಟ್ಟು ಮುಂದಿನ ಸಾಲು ಹಿಡಿಯುವನು. ಆದರೆ ಕಲ್ಲು ಕಂಡ ಸುದ್ದಿಯು ಊರಿನಲ್ಲಿ ಹಬ್ಬಿತೆಂದರೆ, ಕೆಲವು ದಿನಗಳಲ್ಲಿಯೇ ಪರಸ್ಥಳದವನೊಬ್ಬನು ಹೊತ್ತು ಮುಳುಗಿದ ಮೇಲೆ ಆ ಮನೆಯ ಕಟ್ಟೆಗೆ ಬಂದು ಕೂಡ್ರುವದೂ ಉಂಟು. “ಇದು ಬರಿಯ ಕಲ್ಲಲ್ಲ, ಗುರುತಿನ ಕಲ್ಲು. ಇದರ ಕೆಳಗೆ ಹೊನ್ನಿನ ಕೊಡವಿದೆ. ಅಮಾವಾಸ್ಯೆಯ ರಾತ್ರಿ ಪೂಜೆ ಮಾಡಿಸಿದರೆ ನಿಮ್ಮ ಕಷ್ಟವೆಲ್ಲ ತೀರುವದು” ಎಂದು ಅವನು ಮೆಲ್ಲನೆ ಹೇಳುವನು. ಮನೆಯಲ್ಲಿ ಸಾಲವಿರುವದು, ಮಗಳ ಲಗ್ನ ಮುಂದಿರುವದು, ಎರಡು ವರ್ಷ ಮಳೆ ಕೈಕೊಟ್ಟಿರುವದು. ಹೀಗಿರಲು ಆ ಮಾತು ಕಿವಿಗೆ ಸಿಹಿಯಾಗಿ ಕೇಳಿಸಿದರೆ ಆಶ್ಚರ್ಯವೇನು?

ಊರ ಗೌಡರೂ ಹಿರಿಯರೂ ಭೂಮಿಯ ಒಡೆಯರೂ ಆದ ವಾಚಕರ ಮುಂದೆ ಈ ವಿಷಯವನ್ನು ಇಡುವದಕ್ಕೆ ಕಾರಣವಿದೆ. ಇಂಥ ಮಾತಿಗೆ ಮೊದಲು ಸಿಕ್ಕುವವನು ಬಡ ಒಕ್ಕಲಿಗನಾದರೂ, ಅವನು ಹಿಂದುಮುಂದು ನೋಡುವದು ಹಿರಿಯರ ಮುಖವನ್ನೇ. ಹಿರಿಯರು ನಕ್ಕು ಸುಮ್ಮನಾದರೆ ಅವನು ಅದನ್ನು ಒಪ್ಪಿಗೆಯೆಂದು ತಿಳಿಯುವನು. ಹಿರಿಯರೇ ಗುಟ್ಟಾಗಿ ಪಾಲು ಕೇಳಿದರಂತೂ ಊರೇ ಕೆಟ್ಟಂತಾಯಿತು. ಆದುದರಿಂದ ಒಳದಾರಿಯ ಆಸೆ ಎಂಥದು, ಅದನ್ನು ಗುರುತಿಸುವ ಬಗೆ ಯಾವದು, ಅದರ ಬದಲು ನಮ್ಮ ನೆಲದಲ್ಲಿ ನಿಜವಾಗಿ ಇರುವ ನಿಧಿ ಯಾವದು ಎಂಬ ಮೂರು ಮಾತುಗಳನ್ನು ಇಲ್ಲಿ ಅರಿಕೆ ಮಾಡಿಕೊಳ್ಳುವೆನು.

ನಿಧಿ ತೋರಿಸುವವನ ನಡೆಯನ್ನು ಸ್ವಲ್ಪ ನಿಧಾನವಾಗಿ ನೋಡಿರಿ. ಮೊದಲು ಅವನು ಕೇಳುವದು ತೀರ ಅಲ್ಪ, ಪೂಜೆಯ ಸಾಮಾನಿನಷ್ಟು. ಆ ಹಣ ಹೋದ ಮೇಲೆ ಕೈಯಲ್ಲಿ ಒಂದೆರಡು ಹಳದಿ ನಾಣ್ಯಗಳನ್ನು ಇಡುವನು. ಅವು ಹಿತ್ತಾಳೆಯವೆಂದು ಅಕ್ಕಸಾಲಿಗನ ಹತ್ತರ ಹೋಗಿ ನೋಡುವಂತಿಲ್ಲ. ಏಕೆಂದರೆ ಮಾತು ಹೊರಬಿದ್ದರೆ ನಿಧಿ ಸರಿದುಹೋಗುವದೆಂದು ಅವನು ಮೊದಲೇ ಆಣೆ ಹಾಕಿಸಿರುವನು. ಅನಂತರ ಕೇಳುವ ಹಣ ದೊಡ್ಡದು. ಕೊನೆಗೆ ತಗ್ಗು ತೋಡಿದಾಗ ಏನೂ ಸಿಗದಿದ್ದರೆ, ಮನೆಯವರಲ್ಲಿ ಯಾರದೋ ಮೈಲಿಗೆಯಿಂದ, ಯಾರದೋ ಅಪನಂಬಿಗೆಯಿಂದ ಕೆಟ್ಟಿತೆಂದು ಹೇಳಿ ಬೆಳಗಾಗುವದರೊಳಗೆ ಊರು ಬಿಡುವನು. ಹಣ ಕಳೆದುಕೊಂಡವನು ನಾಚಿಕೆಯಿಂದ ಯಾರಿಗೂ ಹೇಳಲಾರನು. ಆದುದರಿಂದಲೇ ಅದೇ ಮೋಸವು ಮುಂದಿನ ಊರಿನಲ್ಲಿ ಹೊಸದಾಗಿ ನಡೆಯುವದು.

ಇಲ್ಲಿ ಕಾಯಿದೆಯ ಮಾತನ್ನೂ ಹೇಳಬೇಕು. ನೆಲದೊಳಗೆ ನಿಜವಾಗಿಯೂ ಏನಾದರೂ ದೊರೆತರೆ ಅದನ್ನು ಸರಕಾರಕ್ಕೆ ತಿಳಿಸತಕ್ಕದ್ದೆಂದು 1962ರ ಕರ್ನಾಟಕ ನಿಧಿ ಕಾಯಿದೆಯು ವಿಧಿಸಿರುವದು. ಸಂರಕ್ಷಿತ ಗುಡಿಗುಂಡಾರಗಳನ್ನು ಕೆಡಿಸಿದವನಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಮೇರೆಗೆ, ಅದರ 2010ರ ತಿದ್ದುಪಡಿಯಂತೆ, ಎರಡು ವರ್ಷಗಳ ವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ನಿಧಿಯ ಹೆಸರಿನಲ್ಲಿ ಅಮಾನುಷ ಪೂಜೆಗಳನ್ನು ನಡೆಸುವದನ್ನು ತಡೆಯಲು 2017ರಲ್ಲಿ ಬೇರೊಂದು ಕಾಯಿದೆಯೂ ಆಗಿದೆ. ಆದರೆ ಕಾಯಿದೆಯ ಅಂಜಿಕೆಯೊಂದರಿಂದಲೇ ಆಸೆ ಅಳಿಯಲಾರದು, ವಿಚಾರದಿಂದ ಅಳಿಯಬೇಕು.

ವಿಚಾರ ಮಾಡೋಣ. ಐಹೊಳೆಯು ಒಂದು ಕಾಲಕ್ಕೆ ಸಿರಿವಂತ ಊರಾಗಿದ್ದದ್ದು ನಿಜ. ಊರೊಳಗೂ ಸುತ್ತಲೂ ನೂರಕ್ಕೂ ಹೆಚ್ಚು ಗುಡಿಗಳಿವೆ. ಮೇಗುತಿಯ ಗುಡ್ಡದ ಮೇಲಿನ ರವಿಕೀರ್ತಿಯ ಶಾಸನವು ಕ್ರಿ. ಶ. 634ರದು. ಆದರೆ ಆ ಸಿರಿ ಎಲ್ಲಿಂದ ಬಂದಿತು? ಐಹೊಳೆಯ ಐನೂರ್ವರೆಂಬ ವರ್ತಕರ ಸಂಘದ ಹೆಸರು ಕನ್ನಡ, ತೆಲುಗು, ತಮಿಳು ನಾಡುಗಳ ಶಾಸನಗಳಲ್ಲಿ ಮಾತ್ರವಲ್ಲ, ಸಮುದ್ರದ ಆಚೆಗೆ ಸುಮಾತ್ರಾ ದ್ವೀಪದ ಬರೂಸಿನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಇದೆ. ಎತ್ತು ಕತ್ತೆಗಳ ಮೇಲೆ ಸರಕು ಹೇರಿ ಊರೂರು ತಿರುಗಿ, ಕೊಟ್ಟ ಮಾತಿಗೆ ನಡೆದುಕೊಂಡು ಗಳಿಸಿದ ಹೆಸರು ಅದು. ಗುಡಿಗಳಿಗೆ ಬಿಟ್ಟ ದತ್ತಿಗಳನ್ನು ನೋಡಿದರೂ ಬಹುಮಟ್ಟಿಗೆ ಅವು ಭೂಮಿಯವು, ಎಣ್ಣೆಯವು, ಕಾಳುಕಡಿಗಳವು. ಅಂದರೆ ನಮ್ಮ ಹಿರಿಯರು ದೇವರಿಗೆ ಕೊಟ್ಟ ಸಂಪತ್ತೂ ಬೆಳೆಯುವ ಸಂಪತ್ತೇ ಆಗಿತ್ತು. ಅದನ್ನು ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಿದರೇ ಹೊರತು ಕಲ್ಲಿನ ಕೆಳಗೆ ಹೂಳಲಿಲ್ಲ.

ನಿಧಿಯ ಮಾತನ್ನು ಕೇಳಿ ನಗುವ ಬುದ್ಧಿವಂತರೂ ನಮ್ಮಲ್ಲಿ ಹಲವರಿರುವರು. ಅಂಥವರಲ್ಲಿ ನಾನೂ ಒಬ್ಬನಾಗಿದ್ದೆನು. ಆದರೆ ಒಳದಾರಿಗೆ ಒಂದೇ ವೇಷವಿಲ್ಲ. ನಿಧಿಯವನನ್ನು ಅಂಗಳದಿಂದಲೇ ಅಟ್ಟಿದ ನಾನು, ತೆಂಗಿನಕಾಯಿ ಹಿಡಿದು ನೀರು ತೋರಿಸುವವನನ್ನು ನಾನಾಗಿಯೇ ಕರೆಯಿಸಿದೆನು. ನಮ್ಮದು 14 ಎಕರೆ ಎರೆಭೂಮಿ, ಪೂರ್ವಕ್ಕೆ ಇಳಿಜಾರು. ಕಾಯಿ ಅವನ ಅಂಗೈಯಲ್ಲಿ ನೆಟ್ಟಗೆ ನಿಂತ ಸ್ಥಳದಲ್ಲಿ ಕೊಳವೆಬಾವಿ ಕೊರೆಯಿಸಿದೆವು; ಬರಿಯ ಹುಡಿ ಬಂದಿತು. “ನಾಲ್ಕು ಹೆಜ್ಜೆ ತಪ್ಪಿತು” ಎಂದನು. ಎರಡನೆಯದರಲ್ಲಿ ನೀರು ಬಂದು ಮರುವರ್ಷದ ಬೇಸಿಗೆಗೆ ನಿಂತಿತು. ಮೂರನೆಯದು ಮತ್ತೆ ಹುಡಿ. ಮೊದಲನೆಯದಕ್ಕೆ ಉಳಿತಾಯದ ಹಣ, ಎರಡನೆಯದಕ್ಕೆ ಸಾಲ, ಮೂರನೆಯದಕ್ಕೆ ನನ್ನ ಹೆಂಡತಿಯ ಪಾಟಲಿ ಬಿಲ್ವಾರಗಳು ಹೋದವು. ಆಕೆ ಒಂದು ಮಾತೂ ಆಡದೆ ಅವುಗಳನ್ನು ಬಿಚ್ಚಿಕೊಟ್ಟಳು. ಆ ಸುಮ್ಮನಿರುವಿಕೆಯನ್ನು ನಾನು ಇಂದಿಗೂ ಮರೆತಿಲ್ಲ.

ನೀರು ತೋರಿಸುವ ವಿದ್ಯೆಯಲ್ಲಿ ಹುರುಳೆಷ್ಟೆಂಬದನ್ನು ಅನಂತರ ತಿಳಿದುಕೊಂಡೆನು. ಅಂಗೈಯ ಮೇಲಿನ ಕಾಯಿಯು, ಹಿಡಿದವನಿಗೇ ಅರಿವಿಲ್ಲದಂತೆ ಆಗುವ ಸಣ್ಣ ಅಲುಗಾಟದಿಂದ ತಿರುಗುವದು. ಬಾದಾಮಿ ಐಹೊಳೆಗಳ ಸೀಮೆಯ ನೆಲದಡಿಯಲ್ಲಿ ಇರುವದು ಗಟ್ಟಿಯಾದ ಮರಳುಗಲ್ಲು ಮತ್ತು ಕಗ್ಗಲ್ಲು. ಅಲ್ಲಿ ನೀರು ಹೊಳೆಯಂತೆ ಹರಿಯುತ್ತಿರುವದಿಲ್ಲ, ಕಲ್ಲಿನ ಬಿರುಕುಗಳಲ್ಲಿ ಮಾತ್ರ ನಿಂತಿರುವದು. ಹತ್ತು ಕಡೆ ಕೊರೆದರೆ ಕೆಲವು ಕಡೆ ಬಿರುಕು ತಾನಾಗಿಯೇ ಸಿಕ್ಕುವದು. ಸಿಕ್ಕದ್ದನ್ನು ಜನರು ಹತ್ತು ವರ್ಷ ಹೇಳುವರು; ಸಿಗದಿದ್ದದ್ದನ್ನು ನಾಚಿಕೆಯಿಂದ ಮುಚ್ಚಿಡುವರು. ಹೀಗೆ ಅವನ ಹೆಸರು ಬೆಳೆಯುವದು. ಬಿರುಕಿನ ನೀರೂ ಕೂಡ ಮಳೆಯಿಂದಲೇ ತುಂಬಬೇಕಲ್ಲದೆ ಪಾತಾಳದಿಂದ ಹುಟ್ಟಿ ಬರಲಾರದು. ಕೊಳವೆಬಾವಿಯೇ ಬೇಡವೆಂದು ನಾನು ಹೇಳುವದಿಲ್ಲ. ಅಂತರ್ಜಲದ ಪರೀಕ್ಷೆ ಬಲ್ಲ ತಜ್ಞರಿಂದ ನೆಲವನ್ನು ನೋಡಿಸಿ, ಅವರು ಬೇಡವೆಂದರೆ ಬಿಡುವ ಧೈರ್ಯವಿರಬೇಕು.

ಈ ಎರಡು ಉದಾಹರಣೆಗಳನ್ನು ಜೋಡಿಸಿ ನೋಡಿದರೆ ಸುಳ್ಳು ಒಳದಾರಿಯ ಗುರುತುಗಳು ತಾವಾಗಿಯೇ ತಿಳಿಯುವವು. ಮೊದಲನೆಯದು, ಅವಸರ, ಇಂದೇ ಆಗಬೇಕು, ನಾಳೆ ಕಾಲ ಮೀರುವದು ಎನ್ನುವರು. ಎರಡನೆಯದು, ಗುಟ್ಟು, ನೆರೆಯವನನ್ನು ಕೇಳಬೇಡ ಎನ್ನುವರು. ಮೂರನೆಯದು, ಫಲಕ್ಕಿಂತ ಮುಂಚೆ ಹಣ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಕೆಲಸ ಕೆಟ್ಟಾಗ ತಪ್ಪು ಯಾವಾಗಲೂ ನಿಮ್ಮದೇ ಆಗಿರುವದು, ತೋರಿಸಿದವನದಲ್ಲ. ಪಾವತಿಯಿಲ್ಲದೆ ಬೀಜ ಮಾರುವವನು, ಒಂದು ಬಾಟಲಿ ಸಿಂಪಡಿಸಿದರೆ ಬೆಳೆ ಇಮ್ಮಡಿಯೆಂದು ಹೇಳುವವನು, ಆರು ತಿಂಗಳಲ್ಲಿ ಹಣ ಎರಡು ಪಟ್ಟೆಂದು ನಂಬಿಸುವವನು, ಇವರೆಲ್ಲರನ್ನೂ ಇದೇ ನಾಲ್ಕು ಗುರುತುಗಳ ಒರೆಗೆ ಹಚ್ಚಿ ನೋಡಬಹುದು. ಪ್ರಾಮಾಣಿಕವಾದ ಕೆಲಸದ ಲಕ್ಷಣವು ಇದಕ್ಕೆ ತೀರ ವಿರುದ್ಧ. ಅದರಲ್ಲಿಯೂ ತಪ್ಪುಗಳಾಗುವವು, ಆದರೆ ತಪ್ಪು ಹಗಲಿನಲ್ಲಿ ಎಲ್ಲರ ಕಣ್ಣಿಗೆ ಕಾಣುವದು, ಕಂಡ ತಪ್ಪನ್ನು ತಿದ್ದಲಿಕ್ಕೂ ಬರುವದು.

ಇನ್ನು ನಿಜವಾದ ನಿಧಿಯ ಮಾತು. ಬಾಗಲಕೋಟೆ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 560 ರಿಂದ 600 ಮಿಲಿಮೀಟರು. ಇದು ಕಡಿಮೆಯೆಂದು ನಾವು ಗೊಣಗುವೆವು. ಆದರೆ ಲೆಕ್ಕ ಮಾಡಿರಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು 4,000 ಲೀಟರು ನೀರು. 25 ಮಿಲಿಮೀಟರಿನ ಒಂದೇ ಮಳೆಯು ಎಕರೆಗೆ ಒಂದು ಲಕ್ಷ ಲೀಟರು ಸುರಿಯುವದು. ಅದರಲ್ಲಿ ಮೂರರಲ್ಲೊಂದು ಪಾಲು ಹರಿದು ಹಳ್ಳ ಸೇರಿತೆಂದು ಇಟ್ಟುಕೊಂಡರೂ, 5,000 ಲೀಟರಿನ ಟ್ಯಾಂಕರುಗಳು ಆರಕ್ಕಿಂತ ಹೆಚ್ಚು ಒಂದೊಂದು ಎಕರೆಯಿಂದ ಹೊರಟುಹೋದಂತಾಯಿತು. ಹತ್ತು ಎಕರೆಯವನು ಒಂದು ಮಳೆಗೆ ಅರುವತ್ತಕ್ಕೂ ಮಿಕ್ಕಿ ಟ್ಯಾಂಕರು ನೀರನ್ನು ಬಿಟ್ಟಿಯಾಗಿ ಮಲಪ್ರಭೆಗೆ ಕಳುಹಿಸುವನು; ಅನಂತರ ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಹಣ ತೆತ್ತು ಕಾಯುವನು.

ನೀರು ಒಂಟಿಯಾಗಿ ಹೋಗುವದಿಲ್ಲ, ಮಣ್ಣನ್ನು ಕರೆದುಕೊಂಡು ಹೋಗುವದು. ಒಂದು ಎಕರೆಯ ಮೈಯಿಂದ ಒಂದು ಮಿಲಿಮೀಟರು, ಅಂದರೆ ಹಳೆಯ ಕಾಗದದ ರಟ್ಟಿನಷ್ಟು ದಪ್ಪ ಮಣ್ಣು ಹೋದರೆ ಅದು ಸುಮಾರು 5 ಟನ್ನು. ಚಕ್ಕಡಿಯ ಲೆಕ್ಕದಲ್ಲಿ ಹತ್ತು ಚಕ್ಕಡಿಗೆ ಕಡಿಮೆಯಿಲ್ಲ. ಅದೂ ಮೇಲಿನ ಸಾರವುಳ್ಳ ಮಣ್ಣು. ನಾವು ಹಾಕಿದ ತಿಪ್ಪೆಗೊಬ್ಬರವೂ ಅದರೊಂದಿಗೆ ಹೋಗುವದು. ರಾತ್ರಿ ಕಳ್ಳನು ಹೊಲದಿಂದ ಹತ್ತು ಚಕ್ಕಡಿ ಮಣ್ಣು ಹೇರಿದರೆ ಊರೆಲ್ಲ ಕೂಡಿಸುವೆವು. ಮಳೆ ಹೇರಿದರೆ ಬಾಗಿಲಲ್ಲಿ ನಿಂತು ನೋಡುವೆವು.

ಈ ಸೀಮೆಯು ಬರವನ್ನು ಅರಿಯದ್ದಲ್ಲ. 1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆಯು ಪಟ್ಟ ಪಾಡು ಹೇಳತೀರದು. 1872ರಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆಯು 1881ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗಿಳಿದಿತ್ತು. 1885ರಲ್ಲಿ ಜಿಲ್ಲೆಯ ಮುಖ್ಯ ಠಾಣೆಯು ವಿಜಾಪುರಕ್ಕೆ ಹೋಯಿತು. ಮುಂದೆ 1930ರ ದಶಕದಲ್ಲಿ ಅಲ್ಲಿಯೇ ಒಣಬೇಸಾಯದ ಸಂಶೋಧನ ಕೇಂದ್ರವು ಸ್ಥಾಪನೆಯಾಯಿತು. ಸೊಲ್ಲಾಪುರ, ಹಗರಿ, ರಾಯಚೂರುಗಳಲ್ಲಿಯೂ ಅಂಥವೇ ಕೇಂದ್ರಗಳಾದವು. ಅವು ಕಂಡುಹಿಡಿದ ಮಾತುಗಳಲ್ಲಿ ಮಾಯಮಂತ್ರ ಯಾವದೂ ಇಲ್ಲ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಬೇಕು. ಮೂರು ವರ್ಷಕ್ಕೊಮ್ಮೆ ಆಳವಾಗಿ ಉಳಬೇಕು, ತಿಪ್ಪೆಗೊಬ್ಬರ ಹಾಕಬೇಕು. ಬಿತ್ತಿಗೆಯ ಮೊದಲು ಮೇಲಿಂದ ಮೇಲೆ ಹರಗಿ ತೇವ ಕಾಯಬೇಕು. ಬೀಜ ಕಡಿಮೆ, ಸಾಲುಗಳ ನಡುವಿನ ಅಂತರ ಹೆಚ್ಚು ಇರಬೇಕು. ಬೆಳೆಯಲ್ಲಿ ಮೂರು ನಾಲ್ಕು ಸಲ ಎಡೆ ಹೊಡೆಯಬೇಕು. ನಮ್ಮ ಮುತ್ತಜ್ಜರು ಕೇಳಿದ್ದರೂ ತಲೆದೂಗುತ್ತಿದ್ದ ಮಾತುಗಳಿವು. 1942ರಲ್ಲಿ ಆಗಿನ ಮುಂಬಯಿ ಸರಕಾರವು ಭೂಸುಧಾರಣೆಯ ಯೋಜನೆಗಳಿಗಾಗಿ ಕಾಯಿದೆಯನ್ನು ಮಾಡಿ ಒಡ್ಡಿನ ಕೆಲಸಕ್ಕೆ ಕೈಹಾಕಿತು.

ಇದಕ್ಕೂ ಹತ್ತಿರದ ಸಾಕ್ಷಿಯು ಹುನಗುಂದದಲ್ಲಿಯೇ ಇದೆ. ಅಲ್ಲಿಯ ನಾಗರಾಳ ಮನೆತನದ ಹೆಸರನ್ನು ಒಕ್ಕಲುತನ ಬಲ್ಲವರು ಕೇಳಿಯೇ ಇರುವರು. ಆ ಮನೆತನದ ಮಲ್ಲಣ್ಣ ನಾಗರಾಳರು ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಒಡ್ಡು ಹಾಕಿ, ಹೊಲವನ್ನು ಮಟ್ಟ ಮಾಡಿ, ಮಣ್ಣನ್ನೂ ತೇವವನ್ನೂ ಹಿಡಿದಿಡುವ ಪದ್ಧತಿಯನ್ನು ನಾಡಿಗೆ ತೋರಿಸಿಕೊಟ್ಟರು. ಒಡ್ಡಿನಲ್ಲಿ ನೀರು ಮಿಕ್ಕಾಗ ಮಣ್ಣನ್ನು ಹೊಲದಲ್ಲಿಯೇ ಬಿಟ್ಟು ತಿಳಿನೀರು ಮಾತ್ರ ಹೊರಬೀಳುವಂತೆ ಕಲ್ಲಿನಿಂದ ಕಟ್ಟುವ ದಾರಿಗೆ ಈ ಕಡೆ ಗುಂಡಾವರ್ತಿ ಎನ್ನುವರು. ಈ ಕೆಲಸವು ಒಂದು ವರ್ಷದ್ದಲ್ಲ, ಒಂದು ತಲೆಮಾರಿನದೂ ಅಲ್ಲ. ಅವರ ಹೊಲಗಳನ್ನು ನೋಡಲು ದೂರದಿಂದ ಜನರು ಬರುವರು. ಬೇಲಿಯಾಚೆಯವರಾದ ನಾವು ಮಾತ್ರ ಕಾಯಿ ಹಿಡಿದವನ ಹಿಂದೆ ಹೋದೆವು.

ನನ್ನ ಹೊಲದ ಕಥೆಯನ್ನೂ ಮುಗಿಸುವೆನು. ಮೂರನೆಯ ಬಾವಿಯೂ ಒಣಗಿದ ಮೇಲೆ ಬೇರೆ ದಾರಿ ಉಳಿಯದ್ದರಿಂದ ಒಡ್ಡಿಗೆ ಕೈ ಹಚ್ಚಿದೆನು, ಜ್ಞಾನೋದಯವಾಗಿ ಅಲ್ಲ. ಮೊದಲನೆಯ ವರ್ಷ ಕೆಳಗಿನ ಕಡೆಯಿಂದ ಆರಂಭಿಸಿ ಕೆಟ್ಟೆನು. ಮೇಲಿನ ನೀರೆಲ್ಲ ಒಮ್ಮೆಲೆ ಬಂದು ಹೊಸ ಒಡ್ಡನ್ನು ಒಡೆದು, ಒಡ್ಡಿಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ದೊಡ್ಡ ಕೊರಕಲನ್ನು ಮಾಡಿತು. ಮರುವರ್ಷ ಮೇಲಿನಿಂದ ಕೆಳಕ್ಕೆ ಬಂದೆನು. ಇನ್ನೊಂದು ವರ್ಷ ನೀರಿನ ದಾರಿ ಸಣ್ಣದಾಗಿ ಜೋಳದ ಬುಡದಲ್ಲಿ ನೀರು ನಿಂತು ಬೆಳೆ ಹಳದಿಯಾಯಿತು. ದಾರಿಯನ್ನು ಅಗಲ ಮಾಡಿದೆನು. ಹೀಗೆ ಎಂಟು ವರ್ಷ ಹಿಡಿಯಿತು. ನಾನು ಸಿರಿವಂತನಾಗಲಿಲ್ಲ. ಆದರೆ ಹಿಂಗಾರಿ ಕೈಕೊಟ್ಟ ಒಂದು ವರ್ಷ, ಸುತ್ತಲಿನವರು ಕಣಿಕೆ ಕೊಳ್ಳಲು ಪರವೂರಿಗೆ ಚಕ್ಕಡಿ ಹೂಡಿದಾಗ, ನಮ್ಮ ಮನೆಯ ಮುಂದೆ ಬಿಳಿಜೋಳದ ಬಣವೆ ನಿಂತಿತ್ತು. ಸಾಲ ತೀರಿತು. ಪಾಟಲಿ ಬಿಲ್ವಾರಗಳು ಇನ್ನೂ ಆಗಿಲ್ಲ; ಆಗುವವು.

ಇಲ್ಲಿ ಹಿರಿಯರು ಒಂದು ಆಕ್ಷೇಪವನ್ನು ಎತ್ತಬಹುದು. “ಕೂಲಿ ದುಬಾರಿ, ಹುಡುಗರು ಗೋವೆಗೂ ಬೆಂಗಳೂರಿಗೂ ದುಡಿಯಲು ಹೋಗಿರುವರು, ಎಂಟು ವರ್ಷ ಕಾಯುವ ಶಕ್ತಿ ಬಡವನಿಗೆ ಎಲ್ಲಿಯದು?” ಈ ಮಾತು ಸುಳ್ಳಲ್ಲ. ತಾಳ್ಮೆಯೂ ಒಂದು ಬಂಡವಾಳವೇ. ಅದು ಉಳ್ಳವನಿಗೆ ಸುಲಭ, ಇಲ್ಲದವನಿಗೆ ಕಠಿಣ. ಆದರೆ ಒಡ್ಡಿನ ಕೆಲಸದಲ್ಲಿ ಒಂದು ಅನುಕೂಲವಿದೆ. ಕೊಳವೆಬಾವಿಯನ್ನು ಅರ್ಧ ಕೊರೆದು ಬಿಟ್ಟರೆ ಎಲ್ಲವೂ ಹಾಳು. ಒಡ್ಡನ್ನು ಮೇಲಿನಿಂದ ಆರಂಭಿಸಿ ಈ ವರ್ಷ ಎರಡು ಎಕರೆಗೆ ಹಾಕಿದರೆ ಆ ಎರಡು ಎಕರೆಯು ಈ ವರ್ಷವೇ ತೇವ ಹಿಡಿಯುವದು. ಒಡ್ಡಿಗೆ ಹಣವಿಲ್ಲದವನು ಹೊಲದಲ್ಲಿ ಚೌಕುಮಡಿ ಮಾಡಲಿ, ಇಳಿಜಾರಿಗೆ ಅಡ್ಡಲಾಗಿ ಹರಗಲಿ, ಅಡ್ಡಲಾಗಿಯೇ ಕೂರಿಗೆ ಹೂಡಲಿ. ಇದಕ್ಕೆ ಎತ್ತು ತಿರುಗಿಸುವ ದಿಕ್ಕು ಬದಲಾಗಬೇಕೇ ಹೊರತು ಹೆಚ್ಚಿನ ದುಡ್ಡು ಬೇಕಿಲ್ಲ.

ಆದರೂ ಒಬ್ಬೊಬ್ಬನ ಕೈಯಲ್ಲಿ ಆಗದ ಕೆಲಸವೊಂದಿದೆ. ಅದು ಗೌಡರ ಮತ್ತು ದೊಡ್ಡ ಹಿಡುವಳಿದಾರರ ಕೆಲಸ. ನೀರಿಗೆ ಸರ್ವೇ ನಂಬರು ತಿಳಿಯದು. ಮೇಲಿನ ಹೊಲದವನು ತನ್ನ ನೀರನ್ನು ಎಲ್ಲಿ ಬಿಡಬೇಕು, ಕೆಳಗಿನವನು ಅದನ್ನು ಎಲ್ಲಿ ತೆಗೆದುಕೊಳ್ಳಬೇಕು ಎಂಬದು ಗೊತ್ತಾಗದೆ ಎಷ್ಟೋ ಒಡ್ಡುಗಳು ಜಗಳದಲ್ಲಿಯೇ ಒಡೆದುಹೋಗಿರುವವು. ಆದುದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಬೇಸಿಗೆಯಲ್ಲಿ ಒಂದು ದಿನ ಎರಡೂ ಕಡೆಯವರನ್ನು ಕರೆದುಕೊಂಡು ದಿನ್ನೆಯ ನೆತ್ತಿಯಿಂದ ಹಳ್ಳದ ವರೆಗೆ ನಡೆಯಿರಿ. ನೀರಿನ ದಾರಿಯನ್ನು ಎಲ್ಲರೆದುರಿಗೆ ಗೊತ್ತುಮಾಡಿರಿ. ದಿನ್ನೆಯ ನೆತ್ತಿಯ ಹೊಲವು ನಿಮ್ಮದೇ ಆಗಿದ್ದರೆ ಮೊದಲನೆಯ ಒಡ್ಡು ನಿಮ್ಮದಾಗಲಿ. ಸರಕಾರದ ಹಣದಿಂದ ಆದ ಒಡ್ಡನ್ನು ದೊಡ್ಡ ಮಳೆಯ ಮರುದಿನವೇ ಹೋಗಿ ನೋಡಿರಿ; ಅಂದು ಒಂದು ಬುಟ್ಟಿ ಮಣ್ಣಿನಿಂದ ಮುಚ್ಚಬಹುದಾದ ಬಿಲವು ಮುಂದಿನ ಮಳೆಗೆ ನೂರು ಬುಟ್ಟಿಗೂ ಮುಚ್ಚದು. ಬೀಜ ಕೊಂಡಾಗ ಪಾವತಿಯನ್ನೂ ಚೀಲದ ಚೀಟಿಯನ್ನೂ ಸುಗ್ಗಿಯ ವರೆಗೆ ಕಾದಿಡುವ ರೂಢಿಯನ್ನು ನಿಮ್ಮ ಮನೆಯಿಂದಲೇ ಹಾಕಿರಿ. ನಿಧಿಯವನು, ಹಣ ಇಮ್ಮಡಿಸುವವನು ಊರಿಗೆ ಬಂದ ಸುದ್ದಿ ತಿಳಿದರೆ ಅವನನ್ನು ಹಗಲಿನಲ್ಲಿ ಚಾವಡಿಗೆ ಕರೆದು ಎಲ್ಲರ ಮುಂದೆ ಮಾತಾಡಿಸಿರಿ. ಹಗಲನ್ನು ಅವನು ತಾಳಲಾರನು. ಮೋಸಹೋದವನನ್ನು ಮಾತ್ರ ನಗಬೇಡಿರಿ. ಅವನ ನಾಚಿಕೆಯೇ ಮೋಸಗಾರನ ಬಂಡವಾಳ. ಅವನು ಬಾಯಿ ಬಿಟ್ಟು ಹೇಳುವಂತಾದರೆ ಹತ್ತು ಮನೆಗಳು ಉಳಿಯುವವು. ನನ್ನ ಮೂರು ಬಾವಿಗಳ ಕಥೆಯನ್ನು ಇಲ್ಲಿ ಬರೆದದ್ದೂ ಅದಕ್ಕಾಗಿಯೇ.

ಐಹೊಳೆಗೆ ಹೋದಾಗ ಲಾಡಖಾನ ಗುಡಿಯ ಮಾಳಿಗೆಯನ್ನು ಒಮ್ಮೆ ನೋಡಿರಿ. ಕಟ್ಟಿಗೆಯ ಮನೆಯ ಮಾಳಿಗೆಯನ್ನು ಕಲ್ಲಿನಲ್ಲಿ ಕಟ್ಟಲು ಹೊರಟವರ ಕೈಕೆಲಸ ಅದು. ಚಪ್ಪಡಿಗಳ ಸಂದಿಯನ್ನು ಮುಚ್ಚಲು ತೊಲೆಯಂಥ ಉದ್ದ ಕಲ್ಲುಗಳನ್ನು ಇಟ್ಟಿರುವರು. ಅದೇ ಊರಿನ ದುರ್ಗದ ಗುಡಿಯಲ್ಲಿ ಬೇರೊಂದು ಆಕಾರವನ್ನು ಮಾಡಿ ನೋಡಿರುವರು. ಒಂದು ಗುಡಿಯಲ್ಲಿ ಕಂಡ ಕೊರತೆಯನ್ನು ಇನ್ನೊಂದರಲ್ಲಿ ತಿದ್ದುತ್ತ, ತಲೆಮಾರುಗಳ ವರೆಗೆ ಉಳಿ ಹಿಡಿದು ದುಡಿದ ಮೇಲೆ, ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷನ ಗುಡಿ ಎದ್ದು ನಿಂತಿತು. ಆ ಕಲ್ಲುಗಳ ಕೆಳಗೆ ಹೊನ್ನು ಹುಡುಕುವವನು, ಅವರು ಕಲ್ಲಿನ ಮೇಲೆಯೇ ಬಿಟ್ಟುಹೋದದ್ದನ್ನು ಕಾಣದವನು. ನಮ್ಮ ಎರೆಭೂಮಿಯ ಕೆಲಸವೂ ಆ ಬಗೆಯದೇ. ಬರುವ ಮಳೆಗಾಲದ ಮೊದಲು ನಿಮ್ಮ ಹೊಲದ ನೆತ್ತಿಯಲ್ಲಿ ಒಂದು ಒಡ್ಡು ಏಳಲಿ. ಮೊದಲನೆಯ ಮಳೆಯ ಮರುದಿನ ಅದರ ಹಿಂದೆ ನಿಂತ ಕೆನೆಯಂಥ ಮಣ್ಣನ್ನು ಮುಟ್ಟಿ ನೋಡಿರಿ. ನಿಧಿ ತೋರಿಸಲು ಪರಸ್ಥಳದವನು ಬೇಕಿಲ್ಲವೆಂಬದು ಆಗ ತಿಳಿಯುವದು.